ಏನು ಓದಲಿ ಹೇಳು

ಕೇಳುಗರಿಗೆ ನಮಸ್ಕಾರ.

"ಯಾವುದಾದರೂ ಒಳ್ಳೆ ಪುಸ್ತಕ ಇದ್ದರೆ ಹೇಳು." ಗೆಳೆಯರನ್ನು ನಾವು ಕೇಳುವುದು ಸಾಮಾನ್ಯವಾಗಿ ಹೀಗೇ, ಅಲ್ವಾ? ಅವರು ಸ್ವಲ್ಪ ಯೋಚಿಸಿ ಎರಡು ಮೂರು ದೊಡ್ಡ ಹೆಸರು ಹೇಳುತ್ತಾರೆ. ಅವು ನಮಗೆ ಮೊದಲೇ ಗೊತ್ತಿರುತ್ತವೆ. ಮಾತು ಅಲ್ಲಿಗೆ ನಿಲ್ಲುತ್ತದೆ. 'ಒಳ್ಳೆಯದು' ಅಂದ ಕೂಡಲೇ ಯಾರಿಗಾದರೂ ಪರೀಕ್ಷೆಗೆ ಕೂತ ಹಾಗಾಗುತ್ತದೆ. ಮನಸ್ಸಿಗೆ ಹಿಡಿಸಿದ ಪುಸ್ತಕ ಒಳಗೇ ಉಳಿದು, ಎಲ್ಲರೂ ಮೆಚ್ಚಿದ ಪುಸ್ತಕ ಬಾಯಿಗೆ ಬರುತ್ತದೆ.

ಅದಕ್ಕೇ ನಾನು ಬೇರೆ ಥರ ಕೇಳುತ್ತೇನೆ. ಯಾವ ಪುಸ್ತಕ ನಿನ್ನ ನಿದ್ದೆ ಕೆಡಿಸಿತು? ಮುಗಿದೇ ಹೋಯಿತಲ್ಲ ಅಂತ ಬೇಜಾರಾದದ್ದು ಯಾವುದು? ಯಾವುದನ್ನು ಎರಡನೇ ಸಲ ಓದಿದೆ? ಆಗ ಗೆಳೆಯರ ದನಿಯೇ ಬದಲಾಗುತ್ತದೆ. ಹೆಸರು ಮರೆತಿದ್ದರೂ ಕಥೆ ಹೇಳಲು ಶುರು ಮಾಡುತ್ತಾರೆ. ನಾನು ನಂಬುವುದು ಆ ಉತ್ಸಾಹವನ್ನು.

ಇನ್ನು ನಮ್ಮ ಇಷ್ಟವನ್ನು ನಾವು ಹೇಗೆ ಹೇಳಬೇಕು? "ನನಗೆ ಪತ್ತೇದಾರಿ ಇಷ್ಟ" ಅಂದರೆ ಸಾಲದು. ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ 1841ರಲ್ಲಿ ಪ್ರಕಟಿಸಿದ ಒಂದು ಕಥೆಯನ್ನು ಆಧುನಿಕ ಪತ್ತೇದಾರಿ ಕಥೆಗಳಲ್ಲಿ ಮೊದಲನೆಯದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿಂದ ಈಚೆಗೆ ಈ ಒಂದೇ ಬಗೆ ಎಷ್ಟು ಕವಲೊಡೆದಿದೆ! ಒಳಗಿಂದ ಬೀಗ ಹಾಕಿದ ಕೋಣೆಯಲ್ಲಿ ನಡೆದ ಕೊಲೆ, ಪೊಲೀಸ್ ತನಿಖೆ, ಕೋರ್ಟಿನ ವಾದ, ಕೊಲೆಗಾರನ ಮನಸ್ಸಿನೊಳಗೆ ಇಳಿಯುವ ಕಾದಂಬರಿ. ನಿಮಗೆ ಬೇಕಿರುವುದು ಒಗಟು ಬಿಡಿಸುವ ಖುಷಿಯೋ, ಎದೆ ಡವಡವ ಅನ್ನುವ ಭಯವೋ? ಅದನ್ನು ಬಿಡಿಸಿ ಹೇಳಿದರೆ ಗೆಳೆಯರಿಗೂ ಸುಲಭ.

ಗ್ರಂಥಪಾಲಕರು ಈ ವಿಷಯದಲ್ಲಿ ನುರಿತವರು. ಅಮೆರಿಕದ ಗ್ರಂಥಪಾಲಕಿ ಜಾಯ್ಸ್ ಸಾರಿಕ್ಸ್ 1989ರಿಂದಲೂ ಇದರ ಬಗ್ಗೆ ಬರೆದಿದ್ದಾರೆ. ಪುಸ್ತಕದ ವಿಷಯವೊಂದೇ ಓದುಗರನ್ನು ಹಿಡಿದಿಡುವುದಿಲ್ಲ, ಕಥೆಯ ಓಟ, ಪಾತ್ರಗಳು, ಕಥೆ ಕಟ್ಟಿದ ರೀತಿ, ಅದು ನಡೆಯುವ ಲೋಕ, ಇವೂ ಸೆಳೆಯುತ್ತವೆ ಅನ್ನುವುದು ಅವರ ಮಾತು. ನನಗೆ ಇದು ತುಂಬಾ ಉಪಯೋಗಕ್ಕೆ ಬಂದಿದೆ. ನಾನು ಜಾಸ್ತಿ ಓದುವುದು ಆತ್ಮಕಥೆ. ಯಾಕೆ ಅಂತ ಕೇಳಿಕೊಂಡರೆ, ಒಬ್ಬರ ದಿನನಿತ್ಯದ ಬದುಕನ್ನು ಹತ್ತಿರದಿಂದ, ನಿಧಾನವಾಗಿ ನೋಡುವುದು ನನಗಿಷ್ಟ. ಅದನ್ನೇ ಗೆಳೆಯರಿಗೆ ಹೇಳಿದರೆ ಒಬ್ಬರು ಪ್ರವಾಸ ಕಥನ ಕೊಡುತ್ತಾರೆ, ಇನ್ನೊಬ್ಬರು ಪತ್ರಗಳ ಸಂಗ್ರಹ ಕೊಡುತ್ತಾರೆ, ಮತ್ತೊಬ್ಬರು ಐತಿಹಾಸಿಕ ಕಾದಂಬರಿ. ಸುಮ್ನೆ 'ಆತ್ಮಕಥೆ' ಅಂದಿದ್ದರೆ ಇವು ಯಾವುವೂ ನನ್ನ ಹತ್ತಿರ ಬರುತ್ತಿರಲಿಲ್ಲ.

ಕವಿತೆಯ ಮಾತು ಬೇರೆ. ಅಲ್ಲಿ ಸಂಕಲನದ ಹೆಸರು ಕೇಳುವುದಕ್ಕಿಂತ, ಇಷ್ಟವಾದ ಒಂದು ಕವಿತೆ ಓದಿ ಹೇಳು ಅನ್ನಿ. ಕಿವಿಗೆ ಹಿಡಿಸಿದರೆ ಪುಸ್ತಕ ಹುಡುಕಿಕೊಂಡು ನೀವೇ ಹೋಗುತ್ತೀರಿ.

ನಮ್ಮ ದೇಶದ ಹೆಸರಾಂತ ಗ್ರಂಥಪಾಲಕ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿ ಓದುಗರಿಗೂ ಅವರ ಪುಸ್ತಕ ಸಿಗಬೇಕು ಅನ್ನುವುದು ಒಂದು. ಪ್ರತಿ ಪುಸ್ತಕಕ್ಕೂ ಅದರ ಓದುಗರು ಸಿಗಬೇಕು ಅನ್ನುವುದು ಇನ್ನೊಂದು. ಈ ಎರಡನೆಯದರ ಮೇಲೆ ನನಗೆ ಪ್ರೀತಿ ಹೆಚ್ಚು. ಮರುಮುದ್ರಣ ಕಾಣದ, ಜಾಹೀರಾತಿಲ್ಲದ ಎಷ್ಟೋ ಪುಸ್ತಕಗಳು ಇನ್ನೂ ಓದಿಸಿಕೊಳ್ಳುತ್ತಿರುವುದು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದರಿಂದ. ಹಾಗಾಗಿ ಗೆಳೆಯರನ್ನು ಇದನ್ನೂ ಕೇಳಿ: ನಿನಗೆ ತುಂಬಾ ಇಷ್ಟವಾಗಿ, ಬೇರೆ ಯಾರೂ ಮಾತಾಡದೇ ಇರುವ ಪುಸ್ತಕ ಯಾವುದು? ಈ ಪ್ರಶ್ನೆಗೆ ಬರುವ ಉತ್ತರಗಳಷ್ಟು ಹೊಸತು ಬೇರೆಲ್ಲೂ ಸಿಗುವುದಿಲ್ಲ.

ಗೆಳೆಯರು ಹೇಳಿದ್ದೆಲ್ಲ ನಮಗೆ ಹಿಡಿಸಲೇಬೇಕು ಅಂತಿಲ್ಲ. ಇನ್ನೊಬ್ಬ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಇದಕ್ಕೆ ಒಂದು ಲೆಕ್ಕ ಕೊಟ್ಟಿದ್ದಾರೆ. 50 ಪುಟ ಓದಿ, ಹಿಡಿಸದಿದ್ದರೆ ಬಿಡಿ. ವಯಸ್ಸು 50 ದಾಟಿದ್ದರೆ 100ರಲ್ಲಿ ವಯಸ್ಸನ್ನು ಕಳೆದು, ಉಳಿದಷ್ಟು ಪುಟ ಓದಿದರೆ ಸಾಕು. ಅಂದರೆ 70 ವರ್ಷದವರಿಗೆ 30 ಪುಟ.

ಆದರೆ ಬಿಟ್ಟ ಮೇಲೆ ಸುಮ್ಮನಿರಬೇಡಿ. ಗೆಳೆಯರಿಗೆ ಫೋನ್ ಮಾಡಿ ಕಾರಣ ಹೇಳಿ. "ಭಾಷೆ ಚೆನ್ನಾಗಿದೆ, ಕಥೆ ಮುಂದಕ್ಕೇ ಹೋಗಲಿಲ್ಲ" ಅನ್ನಿ. "ಆ ತಂಗಿಯ ಪಾತ್ರ ಇಷ್ಟವಾಯಿತು, ಅಂಥದ್ದು ಬೇರೆ ಇದೆಯಾ" ಅನ್ನಿ. ಅವರು ಖಂಡಿತ ಇನ್ನೊಂದು ಹೆಸರು ಹೇಳುತ್ತಾರೆ. ಈ ಸಲ ನಿಮ್ಮನ್ನು ನೆನೆದೇ ಆರಿಸಿರುತ್ತಾರೆ.

ನಮಸ್ಕಾರ.