ಬಜರ್ ಒತ್ತುವ ಮುಂಚೆ

ಕೇಳುಗರೇ, ನಮಸ್ಕಾರ.

ಮೊದಲೇ ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಸೌರಮಂಡಲದಲ್ಲಿ ಎಲ್ಲಕ್ಕಿಂತ ಬಿಸಿಯಾದ ಗ್ರಹ ಯಾವುದು?

ಟಿವಿ ಕ್ವಿಜ್‌ನಲ್ಲಿ ಈ ಪ್ರಶ್ನೆ ಬಂದರೆ ಯಾರಾದರೂ ಒಬ್ಬರು ತಟ್ಟನೆ ಬಜರ್ ಒತ್ತಿ 'ಬುಧ' ಅಂದುಬಿಡುತ್ತಾರೆ. ಸೂರ್ಯನಿಗೆ ತೀರಾ ಹತ್ತಿರ ಇರುವುದು ಬುಧ ತಾನೇ? ಹತ್ತಿರ ಇದ್ದರೆ ಬಿಸಿಯೂ ಜಾಸ್ತಿ ಇರಬೇಕಲ್ವಾ? ಕೇಳಲಿಕ್ಕೆ ಸರಿಯಾಗಿಯೇ ಇದೆ. ಆದರೆ ಉತ್ತರ ಶುಕ್ರ.

ಕಾರಣ ಗಾಳಿಯಲ್ಲಿದೆ. ಬುಧಕ್ಕೆ ಹೇಳಿಕೊಳ್ಳುವಂಥ ವಾತಾವರಣವೇ ಇಲ್ಲ. ಹಗಲಿನಲ್ಲಿ ಅಲ್ಲಿ 430 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಏರುತ್ತದೆ. ರಾತ್ರಿ ಆ ಬಿಸಿಯನ್ನು ಹಿಡಿದಿಡಲು ಏನೂ ಇಲ್ಲದ್ದರಿಂದ ಸೊನ್ನೆಗಿಂತ 180 ಡಿಗ್ರಿ ಕೆಳಗೆ ಇಳಿದುಬಿಡುತ್ತದೆ. ಶುಕ್ರನ ಮೇಲೆ ದಪ್ಪನೆಯ ವಾತಾವರಣ ಇದೆ. ಅದರಲ್ಲಿ ಸುಮಾರು ಶೇಕಡಾ 96ರಷ್ಟು ಇಂಗಾಲದ ಡೈಆಕ್ಸೈಡ್. ಒಳಗೆ ಬಂದ ಶಾಖವನ್ನು ಅದು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಹೀಗಾಗಿ ನೆಲದ ಮೇಲೆ ಹಗಲು ರಾತ್ರಿ ಎರಡೂ ಹೊತ್ತು ಸುಮಾರು 465 ಡಿಗ್ರಿ. ಸೀಸ ಕರಗಲು 327 ಡಿಗ್ರಿ ಸಾಕು. ಅಂದರೆ ಶುಕ್ರನ ನೆಲದ ಮೇಲೆ ಸೀಸದ ತುಂಡು ಇಟ್ಟರೆ ಅದು ನೀರಾಗಿ ಹರಿಯುತ್ತದೆ.

'ಬಿಸಿ ಗ್ರಹ, ಶುಕ್ರ' ಅಂತ ಬಾಯಿಪಾಠ ಮಾಡಿದವರಿಗೆ ಈ ಒಂದು ಪ್ರಶ್ನೆಯ ಅಂಕ ಸಿಗುತ್ತದೆ. ಕಾರಣ ತಿಳಿದುಕೊಂಡವರಿಗೆ ಮುಂದಿನ ಪ್ರಶ್ನೆಗಳೂ ದಕ್ಕುತ್ತವೆ. ಹಗಲಿಗೂ ರಾತ್ರಿಗೂ ತಾಪಮಾನ ಅತಿ ಹೆಚ್ಚು ಏರುಪೇರಾಗುವ ಗ್ರಹ ಯಾವುದು ಅಂತ ಕೇಳಿದರೆ ಅವರು ತಡಕಾಡುವುದಿಲ್ಲ. ಸಾಮಾನ್ಯ ಜ್ಞಾನದ ಬಗ್ಗೆ ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಉತ್ತರವನ್ನು ಅದರ 'ಯಾಕೆ' ಜೊತೆಗೆ ಕಲಿಯಿರಿ. ಪ್ರಶ್ನೆಯ ಒಂದೊಂದು ಪದವನ್ನೂ ಕಿವಿಗೊಟ್ಟು ಕೇಳಿ.

ಪದದ ವಿಷಯಕ್ಕೆ ಬರೋಣ. ಪ್ರಪಂಚದ ಅತಿ ಎತ್ತರದ ಪರ್ವತ ಯಾವುದು? ಎವರೆಸ್ಟ್. 8,848.86 ಮೀಟರ್. ನೇಪಾಳ ಮತ್ತು ಚೀನಾ ಸೇರಿ 2020ರಲ್ಲಿ ಘೋಷಿಸಿದ ಅಳತೆ ಇದು. ಆದರೆ ಈ ಎತ್ತರ ಸಮುದ್ರಮಟ್ಟದಿಂದ ಲೆಕ್ಕ ಹಾಕಿದ್ದು. ಈಗ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ: ಬುಡದಿಂದ ತುದಿಯವರೆಗೆ ಅಳೆದರೆ ಅತಿ ಎತ್ತರದ ಪರ್ವತ ಯಾವುದು? ಆಗ ಹವಾಯಿಯ ಮೌನಾ ಕಿಯಾ ಗೆಲ್ಲುತ್ತದೆ. ನೀರಿನ ಮೇಲೆ ಕಾಣುವುದು 4,207 ಮೀಟರ್ ಮಾತ್ರ. ಉಳಿದದ್ದೆಲ್ಲ ಪೆಸಿಫಿಕ್ ಸಾಗರದೊಳಗೆ ಮುಳುಗಿದೆ. ತಳದಿಂದ ಲೆಕ್ಕ ಹಾಕಿದರೆ 10,000 ಮೀಟರ್ ದಾಟುತ್ತದೆ.

ಇನ್ನೊಂದು ಸಲ ಬದಲಿಸಿ: ಭೂಮಿಯ ಕೇಂದ್ರದಿಂದ ಅತಿ ದೂರ ಇರುವ ಶಿಖರ ಯಾವುದು? ಈಗ ಎವರೆಸ್ಟೂ ಇಲ್ಲ, ಮೌನಾ ಕಿಯಾನೂ ಇಲ್ಲ. ಈಕ್ವೆಡಾರ್ ದೇಶದ ಚಿಂಬೊರಾಸೊ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 6,263 ಮೀಟರ್ ಅಷ್ಟೆ. ಹಾಗಿದ್ದರೂ ಗೆಲ್ಲುವುದು ಹೇಗೆ? ಭೂಮಿ ಪೂರ್ತಿ ಗುಂಡಗಿಲ್ಲ. ತನ್ನ ಸುತ್ತ ತಾನೇ ತಿರುಗುವುದರಿಂದ ಸಮಭಾಜಕದ ಹತ್ತಿರ ಉಬ್ಬಿಕೊಂಡಿದೆ. ಅಲ್ಲಿನ ವ್ಯಾಸ ಧ್ರುವದಿಂದ ಧ್ರುವಕ್ಕಿರುವ ವ್ಯಾಸಕ್ಕಿಂತ ಸುಮಾರು 43 ಕಿಲೋಮೀಟರ್ ಜಾಸ್ತಿ. ಚಿಂಬೊರಾಸೊ ಇರುವುದು ಸಮಭಾಜಕದ ಪಕ್ಕದಲ್ಲೇ, ಉಬ್ಬಿನ ನೆತ್ತಿಯ ಮೇಲೆ. ಹಾಗಾಗಿ ಅದರ ತುದಿ ಎವರೆಸ್ಟಿನ ತುದಿಗಿಂತ ಕೇಂದ್ರದಿಂದ ಸುಮಾರು ಎರಡು ಕಿಲೋಮೀಟರ್ ಹೆಚ್ಚು ದೂರದಲ್ಲಿದೆ.

ಮೂರು ಪ್ರಶ್ನೆ, ಮೂರು ಉತ್ತರ. ಮೂರೂ 'ಪ್ರಪಂಚದಲ್ಲಿ ಅತಿ...' ಅಂತಲೇ ಶುರುವಾಗಬಹುದು. 'ಅತಿ ಎತ್ತರದ' ಅಂತ ಕಿವಿಗೆ ಬಿದ್ದ ಕೂಡಲೇ ಬೆರಳು ಬಜರ್ ಮೇಲೆ ಹೋದರೆ ಅಲ್ಲಿಗೆ ಮುಗಿಯಿತು. ನುರಿತ ಸ್ಪರ್ಧಿಗಳನ್ನು ಗಮನಿಸಿ ನೋಡಿ. ಬೆರಳು ಬಜರ್ ಮೇಲೇ ಇರುತ್ತದೆ, ಆದರೆ ಒತ್ತುವುದಿಲ್ಲ. ಪ್ರಶ್ನೆ ತಿರುಗುವ ಆ ಒಂದು ಪದಕ್ಕಾಗಿ ಕಾಯುತ್ತಿರುತ್ತಾರೆ. 'ಸಮುದ್ರಮಟ್ಟ' ಅಂತ ಬಂತೋ, ಕೈ ಕೆಳಗೆ. 'ಬುಡದಿಂದ' ಅಂತ ಬಂತೋ, ಆಗಲೂ ಕೈ ಕೆಳಗೆ. ಆದರೆ ಮನಸ್ಸಿನಲ್ಲಿರುವ ಉತ್ತರ ಬೇರೆ. ಆ ಅರೆಕ್ಷಣದ ತಾಳ್ಮೆ ನೋಡೋದೇ ನನಗೆ ಇಷ್ಟ.

ಮರುಭೂಮಿಯದೂ ಇದೇ ಕಥೆ. ಅತಿ ದೊಡ್ಡ ಮರುಭೂಮಿ ಅಂದರೆ ಮರಳೇ ಕಣ್ಣ ಮುಂದೆ ಬರುತ್ತದೆ, ಸಹಾರಾ ಅಂದುಬಿಡುತ್ತೇವೆ. ಮರುಭೂಮಿ ಅನ್ನಿಸಿಕೊಳ್ಳಲು ಬೇಕಾದ್ದು ಮಳೆ, ಹಿಮ ತೀರಾ ಕಡಿಮೆ ಇರುವುದು. ಆ ಲೆಕ್ಕದಲ್ಲಿ ಅಂಟಾರ್ಕ್ಟಿಕಾ ಮೊದಲು. 'ಅತಿ ದೊಡ್ಡ ಬಿಸಿ ಮರುಭೂಮಿ' ಅಂತ ಕೇಳಿದರೆ ಮಾತ್ರ ಸಹಾರಾ.

ಪ್ರಶ್ನೆ ಕೇಳುವವರಿಗೂ ಇದೇ ಎಚ್ಚರ ಬೇಕು. 'ಎರಡು ನೊಬೆಲ್ ಗೆದ್ದ ಏಕೈಕ ವ್ಯಕ್ತಿ ಯಾರು?' ಈ ಪ್ರಶ್ನೆ ಕೇಳಿ ಮೇರಿ ಕ್ಯೂರಿ ಅನ್ನುವ ಉತ್ತರಕ್ಕೆ ಅಂಕ ಕೊಡುವುದುಂಟು. ಪ್ರಶ್ನೆಯೇ ತಪ್ಪು. ಎರಡು ಸಲ ಗೆದ್ದವರು ಐದು ಜನ ಇದ್ದಾರೆ. ಕ್ಯೂರಿ 1903ರಲ್ಲಿ ಭೌತವಿಜ್ಞಾನಕ್ಕೆ, 1911ರಲ್ಲಿ ರಸಾಯನವಿಜ್ಞಾನಕ್ಕೆ ಗೆದ್ದರು. ಜಾನ್ ಬಾರ್ಡೀನ್ ಎರಡೂ ಸಲ ಭೌತವಿಜ್ಞಾನಕ್ಕೆ. ಫ್ರೆಡರಿಕ್ ಸ್ಯಾಂಗರ್ ಮತ್ತು ಬ್ಯಾರಿ ಶಾರ್ಪ್‌ಲೆಸ್ ಎರಡೂ ಸಲ ರಸಾಯನವಿಜ್ಞಾನಕ್ಕೆ. ಲೈನಸ್ ಪಾಲಿಂಗ್ 1954ರಲ್ಲಿ ರಸಾಯನವಿಜ್ಞಾನಕ್ಕೆ, 1962ರ ಶಾಂತಿ ಪ್ರಶಸ್ತಿ ಇನ್ನೊಂದು. 'ವಿಜ್ಞಾನದ ಎರಡು ಬೇರೆ ಬೇರೆ ವಿಭಾಗಗಳಲ್ಲಿ ನೊಬೆಲ್ ಗೆದ್ದ ಏಕೈಕ ವ್ಯಕ್ತಿ' ಅಂತ ಕೇಳಿದರೆ ಕ್ಯೂರಿ ಒಬ್ಬರೇ ಉಳಿಯುತ್ತಾರೆ. ಪ್ರಶ್ನೆಗೆ ಇನ್ನು ನಾಲ್ಕು ಪದ ಸೇರಿಸುವ ಶ್ರಮ ಅಷ್ಟೆ. ಅದನ್ನು ತೆಗೆದುಕೊಳ್ಳದಿದ್ದರೆ ಚೆನ್ನಾಗಿ ಓದಿಕೊಂಡು ಬಂದ ಸ್ಪರ್ಧಿಗೆ ಅನ್ಯಾಯ ಆಗುತ್ತದೆ.

ಈಗ ರಾಜಧಾನಿಗಳು. ಆಸ್ಟ್ರೇಲಿಯಾದ ರಾಜಧಾನಿ ಸಿಡ್ನಿ ಅಂದುಕೊಂಡವರು ತುಂಬಾ ಜನ. ಕ್ಯಾನ್‌ಬೆರಾ ಅಂತ ಗೊತ್ತಿದ್ದವರಲ್ಲೂ ಯಾಕೆ ಅಂತ ಗೊತ್ತಿರುವವರು ಕಡಿಮೆ. 1901ರಲ್ಲಿ ಅಲ್ಲಿನ ವಸಾಹತುಗಳೆಲ್ಲ ಒಂದಾಗಿ ದೇಶವಾದಾಗ ಸಿಡ್ನಿಗೂ ಮೆಲ್ಬರ್ನ್‌ಗೂ ಜೋರು ಪೈಪೋಟಿ. ಕೊನೆಗೆ ಸಂವಿಧಾನದಲ್ಲೇ ಒಂದು ರಾಜಿ ಬರೆದರು. ರಾಜಧಾನಿ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲೇ ಇರಬೇಕು, ಆದರೆ ಸಿಡ್ನಿಯಿಂದ ಕಡಿಮೆ ಅಂದರೂ 100 ಮೈಲಿ ದೂರ ಇರಬೇಕು. ಅಲ್ಲಿಯವರೆಗೆ ಸಂಸತ್ತು ಮೆಲ್ಬರ್ನ್‌ನಲ್ಲಿ ಸೇರಬೇಕು. ಹೊಸ ಊರು ಕಟ್ಟಿ ಸಂಸತ್ತು ಅಲ್ಲಿಗೆ ಹೋಗುವ ಹೊತ್ತಿಗೆ 1927 ಬಂದಿತ್ತು. ಈ ಜಗಳದ ಕಥೆ ಒಂದು ಸಲ ಕೇಳಿದವರು ಕ್ಯಾನ್‌ಬೆರಾ ಹೆಸರನ್ನು ಮರೆಯುವುದಿಲ್ಲ.

ಇದೇ ಪ್ರಶ್ನೆಗೆ ಸ್ಪರ್ಧಿ ಪ್ರೇಕ್ಷಕರ ಸಹಾಯ ಕೇಳಿದರೆ ಏನಾಗುತ್ತದೆ? ಆ ಲೈಫ್‌ಲೈನ್ ಕೆಲಸ ಮಾಡುವ ರೀತಿ ಬಹಳ ಚೆಂದ. ಪ್ರೇಕ್ಷಕರಲ್ಲಿ 100 ಜನ ಇದ್ದಾರೆ ಅಂದುಕೊಳ್ಳಿ. ಒಂದು ಕಷ್ಟದ ಪ್ರಶ್ನೆಗೆ ಉತ್ತರ ಗೊತ್ತಿರುವುದು ಬರೀ 20 ಜನಕ್ಕೆ. ಉಳಿದ 80 ಜನ ಕಣ್ಣುಮುಚ್ಚಿ ಒಂದು ಗುಂಡಿ ಒತ್ತುತ್ತಾರೆ. ನಾಲ್ಕು ಆಯ್ಕೆಗಳಿಗೆ ಅವರ ಮತ ಹೆಚ್ಚು ಕಡಿಮೆ 20, 20, 20, 20 ಅಂತ ಹಂಚಿಹೋಗುತ್ತದೆ. ಗೊತ್ತಿದ್ದ 20 ಜನರ ಮತ ಸರಿ ಉತ್ತರಕ್ಕೆ ಸೇರಿ ಅದು 40 ಆಗುತ್ತದೆ. ಐದರಲ್ಲಿ ನಾಲ್ಕು ಜನಕ್ಕೆ ಉತ್ತರ ಗೊತ್ತಿಲ್ಲದಿದ್ದರೂ ಪರದೆಯ ಮೇಲೆ ಸರಿ ಉತ್ತರವೇ ಎತ್ತರಕ್ಕೆ ನಿಲ್ಲುತ್ತದೆ!

ಆದರೆ ಸಿಡ್ನಿಯಂಥ ಪ್ರಶ್ನೆಯಲ್ಲಿ ಈ ಲೆಕ್ಕ ಕೈಕೊಡುತ್ತದೆ. ಅಲ್ಲಿ ಗೊತ್ತಿಲ್ಲದವರು ಸುಮ್ನೆ ಯಾವುದೋ ಗುಂಡಿ ಒತ್ತುವುದಿಲ್ಲ. ಎಲ್ಲರೂ ಒಟ್ಟಿಗೆ ಒಂದೇ ತಪ್ಪನ್ನು ನಂಬಿಕೊಂಡಿರುತ್ತಾರೆ. ಹಾಗಾಗಿ ಜನ ಗೊತ್ತಿಲ್ಲ ಅಂತ ಊಹಿಸುವ ಪ್ರಶ್ನೆಗೆ ಈ ಸಹಾಯ ಕೇಳಿ. ಜನ ಗೊತ್ತಿದೆ ಅಂದುಕೊಂಡು ತಪ್ಪುವ ಪ್ರಶ್ನೆಗೆ ಬೇಡ.

ತನಗೆ ಎಷ್ಟು ಖಚಿತ ಅಂತ ಅಳೆದುಕೊಳ್ಳುವುದರಲ್ಲಿ ಒಂದು ಯಂತ್ರ ಒಳ್ಳೆಯ ಪಾಠ ಕಲಿಸಿದೆ. 2011ರ ಫೆಬ್ರವರಿಯಲ್ಲಿ ಅಮೆರಿಕದ ಜೆಪರ್ಡಿ ಕ್ವಿಜ್‌ನಲ್ಲಿ ಐಬಿಎಂ ಕಂಪನಿಯ ವಾಟ್ಸನ್ ಅನ್ನುವ ಕಂಪ್ಯೂಟರ್ ಇಬ್ಬರು ಮಹಾನ್ ಸ್ಪರ್ಧಿಗಳ ಎದುರು ಆಡಿತು. ಒಬ್ಬರು ಕೆನ್ ಜೆನ್ನಿಂಗ್ಸ್. 2004ರಲ್ಲಿ ಇದೇ ಕಾರ್ಯಕ್ರಮದಲ್ಲಿ ಸತತ 74 ಆಟ ಗೆದ್ದವರು. ಇನ್ನೊಬ್ಬರು ಬ್ರಾಡ್ ರಟ್ಟರ್. ಮೊದಲ ಆಟದ ಕೊನೆಯ ಪ್ರಶ್ನೆಯ ವಿಭಾಗ 'ಅಮೆರಿಕದ ನಗರಗಳು'. ಈ ನಗರದ ದೊಡ್ಡ ವಿಮಾನ ನಿಲ್ದಾಣಕ್ಕೆ ಎರಡನೇ ಮಹಾಯುದ್ಧದ ವೀರನ ಹೆಸರು, ಎರಡನೆಯದಕ್ಕೆ ಅದೇ ಯುದ್ಧದ ಒಂದು ಕದನದ ಹೆಸರು. ಯಾವ ನಗರ?

ಇಬ್ಬರು ಮನುಷ್ಯರೂ ಶಿಕಾಗೊ ಅಂತ ಸರಿಯಾಗಿ ಬರೆದರು. ಅಲ್ಲಿನ ಒಂದು ನಿಲ್ದಾಣದ ಹೆಸರು ಓಹೇರ್, ಇನ್ನೊಂದರದು ಮಿಡ್‌ವೇ. ವಾಟ್ಸನ್ ಬರೆದದ್ದು ಟೊರೊಂಟೊ. ಅದು ಇರುವುದು ಕೆನಡಾದಲ್ಲಿ! ಆದರೆ ಅದು ಪಣಕ್ಕಿಟ್ಟ ಹಣ ನೋಡಿ, ಬರೀ 947 ಡಾಲರ್. ಉತ್ತರದ ಮುಂದೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬೇರೆ. ತನಗೆ ಖಚಿತ ಇಲ್ಲ ಅಂತ ಅದಕ್ಕೆ ಗೊತ್ತಿತ್ತು. ಹಾಗಾಗಿ ಆ ತಪ್ಪು ಅದಕ್ಕೆ ಹೆಚ್ಚು ನಷ್ಟ ಮಾಡಲಿಲ್ಲ. ಒಟ್ಟು ಪಂದ್ಯ ಮುಗಿದಾಗ ವಾಟ್ಸನ್ 77,147 ಡಾಲರ್, ಜೆನ್ನಿಂಗ್ಸ್ 24,000, ರಟ್ಟರ್ 21,600. ನೆಗೆಟಿವ್ ಅಂಕ ಇರುವ ಸುತ್ತಿನಲ್ಲಿ ಕೂರುವವರು ಆ 947 ಡಾಲರನ್ನು ನೆನಪಿಟ್ಟುಕೊಳ್ಳಬೇಕು.

ಇತಿಹಾಸದ ಸುತ್ತಿಗೆ ತಯಾರಾಗುವವರಿಗೆ ಒಂದು ಮಾತು. ಇಸವಿಗಳನ್ನು ಬಿಡಿಬಿಡಿಯಾಗಿ ಉರು ಹೊಡೆಯುವ ಬದಲು ಒಂದರ ಪಕ್ಕ ಒಂದು ಇಟ್ಟು ನೋಡಿ. ಈಜಿಪ್ಟಿನ ಮಹಾ ಪಿರಮಿಡ್ ಸುಮಾರು ಕ್ರಿ.ಪೂ. 2560ರದ್ದು. ಕ್ಲಿಯೋಪಾತ್ರ ತೀರಿಕೊಂಡದ್ದು ಕ್ರಿ.ಪೂ. 30ರಲ್ಲಿ. ಮನುಷ್ಯ ಚಂದ್ರನ ಮೇಲೆ ಇಳಿದದ್ದು 1969. ಲೆಕ್ಕ ಹಾಕಿ. ಕ್ಲಿಯೋಪಾತ್ರಳ ಕಾಲ ಪಿರಮಿಡ್ಡಿಗಿಂತ ಚಂದ್ರಯಾನಕ್ಕೇ ಹತ್ತಿರ! ಕ್ಯಾಲೆಂಡರ್ ಕೂಡ ಎಡವಿಸುತ್ತದೆ. ರಷ್ಯಾದ ಅಕ್ಟೋಬರ್ ಕ್ರಾಂತಿ ಈಗಿನ ಕ್ಯಾಲೆಂಡರ್ ಪ್ರಕಾರ ನಡೆದದ್ದು 1917ರ ನವೆಂಬರ್ 7ರಂದು. ಆಗ ಅಲ್ಲಿ ಹಳೆಯ ಜೂಲಿಯನ್ ಕ್ಯಾಲೆಂಡರ್ ಇತ್ತು, ಅದರಲ್ಲಿ ಅಕ್ಟೋಬರ್ 25. ಇಟಲಿ, ಸ್ಪೇನ್, ಪೋರ್ಚುಗಲ್‌ಗಳಲ್ಲಿ ಹೊಸ ಕ್ಯಾಲೆಂಡರ್ ಬಂದದ್ದು 1582ರಲ್ಲಿ. ಅಲ್ಲಿ ಅಕ್ಟೋಬರ್ 4ರ ಮಾರನೆ ದಿನ ಅಕ್ಟೋಬರ್ 15. ನಡುವಿನ ಹತ್ತು ತಾರೀಕುಗಳು ಅವರ ಪಾಲಿಗೆ ಬರಲೇ ಇಲ್ಲ.

ಇನ್ನು ಹಳೆಯ ಪುಸ್ತಕಗಳ ಬಗ್ಗೆ. ಕ್ವಿಜ್ ಪುಸ್ತಕಕ್ಕೂ ವಯಸ್ಸಾಗುತ್ತದೆ. 2006ಕ್ಕಿಂತ ಮುಂಚಿನದಾದರೆ ಅದರಲ್ಲಿ ಒಂಬತ್ತು ಗ್ರಹಗಳಿರುತ್ತವೆ. ಆ ವರ್ಷ ಪ್ಲೂಟೊವನ್ನು ಕುಬ್ಜ ಗ್ರಹಗಳ ಪಟ್ಟಿಗೆ ಸೇರಿಸಿದರು. 2011ರಲ್ಲಿ ದಕ್ಷಿಣ ಸುಡಾನ್ ಸೇರಿ ವಿಶ್ವಸಂಸ್ಥೆಯ ಸದಸ್ಯ ದೇಶಗಳು 193 ಆದವು. ಸ್ವಾಜಿಲ್ಯಾಂಡ್ 2018ರಲ್ಲಿ ಎಸ್ವಾಟಿನಿ ಆಯಿತು. ಶನಿಯ ಉಪಗ್ರಹಗಳ ಸಂಖ್ಯೆಯಂತೂ 2025ರ ಮಾರ್ಚ್‌ನಲ್ಲಿ ಒಂದೇ ಏಟಿಗೆ 128 ಏರಿ 274ಕ್ಕೆ ಮುಟ್ಟಿತು. ಕಜಕಿಸ್ತಾನದ ರಾಜಧಾನಿಯನ್ನೇ ನೋಡಿ. 1998ರಿಂದ ಅಸ್ತಾನಾ, 2019ರಲ್ಲಿ ನೂರ್-ಸುಲ್ತಾನ್, 2022ರಲ್ಲಿ ತಿರುಗಿ ಅಸ್ತಾನಾ. 2000ದ ಪುಸ್ತಕ ಓದಿದವರಿಗೆ ಸರಿ ಉತ್ತರ ಸಿಗುತ್ತದೆ, 2020ರ ಪುಸ್ತಕ ಓದಿದವರು ತಪ್ಪುತ್ತಾರೆ!

ಅದಕ್ಕೇ ನೋಟ್ ಪುಸ್ತಕದಲ್ಲಿ ಇಂಥ ಉತ್ತರ ಬರೆದಾಗ ಪಕ್ಕದಲ್ಲಿ ಇಸವಿಯನ್ನೂ ಬರೆಯಿರಿ. ಸ್ಪರ್ಧೆಗೆ ಹೋಗುವ ಹಿಂದಿನ ವಾರ ಆ ಪುಟಗಳನ್ನು ಮಾತ್ರ ತೆಗೆದು, ಹೊಸದೇನಾದರೂ ಬದಲಾಗಿದೆಯಾ ಅಂತ ಒಂದೊಂದಾಗಿ ನೋಡಿಕೊಳ್ಳಿ. ಚಿಂಬೊರಾಸೊ, ಕ್ಲಿಯೋಪಾತ್ರ ಇವರ ಪುಟಗಳಿಗೆ ಆ ಕೆಲಸ ಬೇಕಿಲ್ಲ. ಶನಿಯ ಪುಟಕ್ಕೆ ಮಾತ್ರ ಪೆನ್ಸಿಲ್ಲೇ ವಾಸಿ.

ನಮಸ್ಕಾರ.