ಎರಡನೆಯ ತಂತಿಯ ಸಾಕ್ಷಿ

ಈ ಮೇಜಿನ ಮೇಲೆ ಎರಡು ಡಬ್ಬಿಗಳಿವೆ. ಒಂದು ಪ್ಲಾಸ್ಟಿಕ್ಕಿನದು, ಇನ್ನೊಂದು ಸ್ಟೀಲಿನದು. ಸ್ಟೀಲಿನದರಲ್ಲಿ ಎರಡು ವರ್ಷದ ಹಿಂದಿನವರೆಗೂ ನಮ್ಮ ಮನೆಯ ಕಡಲೆಹಿಟ್ಟು ಇರುತ್ತಿತ್ತು. ಈಗ ಅದರ ನೆತ್ತಿಯ ಮೇಲೆ ಏಳು ಸ್ಲೈಡರ್‌ಗಳು ನಿಂತಿವೆ, ಪಕ್ಕೆಗಳಲ್ಲಿ ಗಿಟಾರಿನ ಕೇಬಲ್ ಚುಚ್ಚುವ ಎರಡು ಜ್ಯಾಕ್‌ಗಳಿವೆ. ಮಿರ್ಚಿ ಕರಿಯುವ ದಿನ ಮನೆಯಲ್ಲಿ ಇದರ ವಿಚಾರ ಈಗಲೂ ಬರುತ್ತದೆ.

ಸಂಘಟಕರು ನನಗೆ ಕೊಟ್ಟ ವಿಷಯ ಗಿಟಾರಿನ ಈಕ್ವಲೈಸರ್ ಪೆಡಲ್, ಅಂದರೆ ಗಿಟಾರಿಗೂ ಆಂಪ್ ಎಂಬ ಧ್ವನಿವರ್ಧಕಕ್ಕೂ ನಡುವೆ ಕೂತು ಸ್ವರದ ಹದ ತಿದ್ದುವ ಡಬ್ಬಿ, ಕಟ್ಟುವುದು ಹೇಗೆ ಎಂಬುದು. ಕಟ್ಟಲು ನನಗೆ ಹಿಡಿದದ್ದು ಎರಡು ಭಾನುವಾರ. ಕಟ್ಟಿದ್ದು ಸರಿಯಾಗಿ ಬಾಯಿಬಿಡಲು ಹಿಡಿದದ್ದು ಏಳು ತಿಂಗಳು. ಇಂದಿನ ಹೊತ್ತನ್ನೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಹಂಚುತ್ತೇನೆ. ಮುಂದಿನ ಸಾಲಿನ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಸೂತ್ರಕ್ಕಾಗಿ, ಹಿಂದಿನ ಸಾಲಿನ ಆರ್ಕೆಸ್ಟ್ರಾ ಗೆಳೆಯರು ಚಹಾಕ್ಕಾಗಿ ಕಾಯುತ್ತಿರುವುದು ನನಗೆ ಕಾಣುತ್ತಿದೆ. ಎರಡೂ ಬರುತ್ತವೆ.

ಈ ಊರಿನಲ್ಲಿ ರಸಮಂಜರಿಗೆ ಗಿಟಾರ್ ನುಡಿಸಿದವರಿಗೆಲ್ಲ ಒಂದು ಸಂಕಟ ಗೊತ್ತು. ದುಗ್ಗಮ್ಮನ ಜಾತ್ರೆಯಿರಲಿ, ಗಣಪತಿ ಪೆಂಡಾಲಿರಲಿ, ವೇದಿಕೆಯ ಮೇಲೆ ಕೀಬೋರ್ಡ್ ಇರುತ್ತದೆ, ರಿದಂ ಪ್ಯಾಡ್ ಇರುತ್ತದೆ, ಇಬ್ಬರು ಗಾಯಕರು ಇರುತ್ತಾರೆ. ಗಿಟಾರ್ ಯಾರಿಗೂ ಕೇಳುವುದಿಲ್ಲ. ವಾಲ್ಯೂಮ್ ಏರಿಸಿದರೆ ಗಾಯಕ ತಿರುಗಿ ನೋಡುತ್ತಾನೆ, ಇಳಿಸಿದರೆ ನಾವು ಕೈ ಆಡಿಸುವ ಗೊಂಬೆ. ಕಾರಣ ಸರಳ. ಗಿಟಾರಿನ ಬಿಟ್ಟ ತಂತಿಗಳ ಸ್ವರ, ಸೆಕೆಂಡಿಗೆ ಎಷ್ಟು ಕಂಪನ ಎಂಬ ಹರ್ಟ್ಸ್ ಲೆಕ್ಕದಲ್ಲಿ, 82 ಹರ್ಟ್ಸ್‌ನಿಂದ 330 ಹರ್ಟ್ಸ್‌ವರೆಗೆ ಇರುತ್ತದೆ. ಗಂಡಸಿನ ದನಿಯ ಮೈ, ಕೀಬೋರ್ಡಿನ ಎಡಗೈ, ನಮ್ಮ ಕಾರ್ಡ್‌ಗಳು ಎಲ್ಲವೂ 200ರಿಂದ 400ರ ಆಸುಪಾಸಿನಲ್ಲೇ ನುಗ್ಗುತ್ತವೆ. ಹಬ್ಬದ ಹಿಂದಿನ ದಿನ ಬಸ್ಸಿನ ಒಂದೇ ಬಾಗಿಲಿಗೆ ಜನ ಮುಗಿಬಿದ್ದ ಹಾಗೆ. ಅಲ್ಲಿ ಇನ್ನೂ ಜೋರಾಗಿ ತಳ್ಳುವುದರಿಂದ ಪ್ರಯೋಜನವಿಲ್ಲ. 400ರಲ್ಲಿ ಸ್ವಲ್ಪ ಹಿಂದೆ ಸರಿದು, 1,600ರ ಹತ್ತಿರ ಒಂದಿಷ್ಟು ತಲೆ ಎತ್ತಿದರೆ ಅದೇ ವಾಲ್ಯೂಮಿನಲ್ಲಿ ಗಿಟಾರ್ ಕೇಳುತ್ತದೆ. ಈಕ್ವಲೈಸರ್ ಮಾಡುವುದು ಇಷ್ಟನ್ನೇ.

ನನ್ನ ಡಬ್ಬಿಯ ಏಳು ಸ್ಲೈಡರ್‌ಗಳು 100, 200, 400, 800, 1,600, 3,200 ಮತ್ತು 6,400 ಹರ್ಟ್ಸ್‌ಗಳವು. ಬಾಸ್ ಕಂಪನಿಯ ಜಿಇ-7 ಪೆಡಲಿನಲ್ಲೂ ಇದೇ ಏಳು ಇವೆ. ನಾನು ಹೊಸದೇನನ್ನೂ ಕಂಡುಹಿಡಿದಿಲ್ಲ. ಒಂದೊಂದು ಹೆಜ್ಜೆಗೂ ಸಂಖ್ಯೆ ಇಮ್ಮಡಿಯಾಗುತ್ತದೆ, ಅಂದರೆ ಸಂಗೀತದವರ ಮಾತಿನಲ್ಲಿ ಒಂದೊಂದು ಸ್ಥಾಯಿ ಏರುತ್ತದೆ. ಏರಿಳಿತವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತೇವೆ: 6 ಏರಿಸಿದರೆ ವೋಲ್ಟೇಜ್ ಎರಡು ಪಟ್ಟು, 12 ಏರಿಸಿದರೆ ನಾಲ್ಕು ಪಟ್ಟು. ಈ ನಾಲ್ಕು ಪಟ್ಟನ್ನು ಮರೆತು ಏಳೂ ಸ್ಲೈಡರ್‌ಗಳನ್ನು ತುದಿಗೆ ತಳ್ಳುವವರಿದ್ದಾರೆ. ಹಂಬಕರ್ ಪಿಕಪ್ಪಿನ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಎರಡು ಸುರುಳಿಯ ಭಾಗದ, ಜೋರು ಏಟು ಒಂದು ವೋಲ್ಟಿನವರೆಗೆ ಹೋಗಬಲ್ಲದು. ಅದರ ನಾಲ್ಕು ಪಟ್ಟು ಎಂದರೆ ಮೇಲಕ್ಕೂ ಕೆಳಕ್ಕೂ ಸೇರಿ ಎಂಟು ವೋಲ್ಟಿನ ತೂಗಾಟ, ಎರಡೂ ತುದಿ ಮುಟ್ಟಲಾಗದ ಸರ್ಕಿಟ್ಟಿಗೆ 9 ವೋಲ್ಟ್ ಬ್ಯಾಟರಿಯೊಳಗೆ ಅದು ಹಿಡಿಸುವುದಿಲ್ಲ. ತಲೆ ಮಾಡಿಗೆ ತಗಲುತ್ತದೆ, ಸ್ವರ ಒಡೆಯುತ್ತದೆ. ಏರಿಸುವ ಬದಲು ಬೇಡದ್ದನ್ನು ಇಳಿಸಿ ಎಂದು ನಾನು ಹೇಳಿದಾಗ ಇಪ್ಪತ್ತರ ಹುಡುಗರು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಇನ್ನು ಒಳಗಿನ ಕಥೆ. ಒಂದು ಕೆಪ್ಯಾಸಿಟರ್ ಮತ್ತು ಒಂದು ಸುರುಳಿ, ಅಂದರೆ ಇಂಡಕ್ಟರ್, ಸಾಲಾಗಿ ಸೇರಿದರೆ ಅವಕ್ಕೆ ಒಂದು ಇಷ್ಟದ ಕಂಪನಾಂಕ ಹುಟ್ಟುತ್ತದೆ. ಅದೊಂದನ್ನು ಮಾತ್ರ ಸಲೀಸಾಗಿ ದಾಟಲು ಬಿಟ್ಟು ಉಳಿದವನ್ನು ತಡೆಯುತ್ತವೆ. ಏಳು ಪಟ್ಟಿಗೆ, ಅಂದರೆ ಏಳು ಸ್ಲೈಡರ್‌ಗಳ ಪಾಲಿನ ಏಳು ಕಂಪನಾಂಕಗಳಿಗೆ, ಇಂತಹ ಏಳು ಜೋಡಿ ಬೇಕು. ತೊಂದರೆ ಸುರುಳಿಯದು. 100 ಹರ್ಟ್ಸ್‌ಗೆ ನನ್ನ ಲೆಕ್ಕದಲ್ಲಿ ಒಂದೂವರೆ ಹೆನ್ರಿಯ ಸುರುಳಿ ಬೇಕಾಯಿತು. ಅಂಥದ್ದಕ್ಕೆ ಕಬ್ಬಿಣದ ಹೊಟ್ಟೆ, ಸಾವಿರಾರು ಸುತ್ತು ತಂತಿ. ಮೇಲಾಗಿ ಪಕ್ಕದಲ್ಲಿರುವ ಯಾವ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆಯನ್ನಾದರೂ ಅದು ಕರೆದು ಕೂರಿಸಿಕೊಳ್ಳುತ್ತದೆ. ಇಲ್ಲಿ ನಮ್ಮನ್ನು ಕಾಯುವುದು ಗೈರೇಟರ್. ಡಚ್ ಎಂಜಿನಿಯರ್ ಬರ್ನಾರ್ಡ್ ಟೆಲೆಗೆನ್ 1948ರಲ್ಲಿ ಮುಂದಿಟ್ಟ ಕಲ್ಪನೆ ಇದು. ಆಪ್-ಆ್ಯಂಪ್ ಎಂಬ ಪುಟ್ಟ ವರ್ಧಕ ಒಂದು, ಎರಡು ರೆಸಿಸ್ಟರ್, ಒಂದು ಪುಟ್ಟ ಕೆಪ್ಯಾಸಿಟರ್ ಸೇರಿ ಸುರುಳಿಯ ವೇಷ ಹಾಕುತ್ತವೆ. ಕಂಪನಿ ನಾಟಕಗಳನ್ನು ಕಂಡ ಊರಿಗೆ ವೇಷದ ವಿಚಾರವನ್ನು ನಾನು ವಿವರಿಸಬೇಕಾಗಿಲ್ಲ: ಒಳಗೆ ಸುರುಳಿಯೇ ಇಲ್ಲ, ಆದರೆ ಎದುರಿಗಿರುವ ಸರ್ಕಿಟ್ ಅದನ್ನು ಸುರುಳಿ ಎಂದೇ ನಂಬುತ್ತದೆ.

ಲೆಕ್ಕ ಬರೆದುಕೊಳ್ಳುವವರು ಬರೆದುಕೊಳ್ಳಿ. ವೇಷದ ಸುರುಳಿಯ ಬೆಲೆ ಎರಡು ರೆಸಿಸ್ಟರ್‌ಗಳು ಮತ್ತು ಆ ಪುಟ್ಟ ಕೆಪ್ಯಾಸಿಟರಿನ ಗುಣಲಬ್ಧ. 800 ಹರ್ಟ್ಸ್ ಪಟ್ಟಿಗೆ ನಾನು ಹಾಕಿದ್ದು 470 ಓಮ್, 100 ಕಿಲೊಓಮ್, 3.9 ನ್ಯಾನೊಫ್ಯಾರಡ್. ಗುಣಿಸಿದರೆ 0.183 ಹೆನ್ರಿ. ಅದರೊಂದಿಗೆ ಸಾಲಿನಲ್ಲಿ 0.22 ಮೈಕ್ರೊಫ್ಯಾರಡ್. ಎರಡನ್ನೂ ಗುಣಿಸಿ, ವರ್ಗಮೂಲ ತೆಗೆದು, ಎರಡು ಪೈಯಿಂದ ಗುಣಿಸಿ, ತಲೆಕೆಳಗು ಮಾಡಿದರೆ 792 ಹರ್ಟ್ಸ್. ಎಂಟು ಹರ್ಟ್ಸ್ ಕಡಿಮೆ ಬಂತೆಂದು ಕೊರಗಬೇಡಿ, ಅಂಗಡಿಯ ಕೆಪ್ಯಾಸಿಟರ್‌ಗಳ ಏರುಪೇರು ಅದಕ್ಕಿಂತ ದೊಡ್ಡದು. 400ಕ್ಕೆ ಎರಡೂ ಕೆಪ್ಯಾಸಿಟರ್‌ಗಳನ್ನು ಇಮ್ಮಡಿ ಮಾಡಿ, 1,600ಕ್ಕೆ ಅರ್ಧ ಮಾಡಿ, ರೆಸಿಸ್ಟರ್‌ಗಳನ್ನು ಮುಟ್ಟಬೇಡಿ. ಈ 3.9 ಎಂಬ ಸಂಖ್ಯೆಯನ್ನು ಮಾತ್ರ ನೆನಪಿಡಿ, ಮತ್ತೆ ಅದರ ಹತ್ತಿರ ಬರುತ್ತೇನೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಏಳು ಗೈರೇಟರ್, ಮುಂದೆ ಗಿಟಾರಿಗೆ ಹೊರೆಯಾಗದಂತೆ ಸ್ವರವನ್ನು ಬರಮಾಡಿಕೊಳ್ಳುವ ಒಂದು ಬಫರ್, ನಡುವೊಂದು ಮುಖ್ಯ ಆಂಪ್ಲಿಫೈಯರ್: ಒಂಬತ್ತು ಆಪ್-ಆ್ಯಂಪ್. ಟಿಎಲ್‌072 ಎಂಬ ಐಸಿ ಚಿಪ್ಪಿನಲ್ಲಿ ಎರಡೆರಡು ಇರುವುದರಿಂದ ಐದು ಐಸಿ ಸಾಕು, ಒಂದು ಅರ್ಧ ಉಳಿಯುತ್ತದೆ. ಉಳಿದ ಅರ್ಧವನ್ನು ಅನಾಥವಾಗಿ ಬಿಟ್ಟರೆ ಅದು ತನ್ನಷ್ಟಕ್ಕೆ ತಾನೇ ಕಿರುಚಬಹುದು. ಹೊರಬಾಯನ್ನು ಅದರ ಋಣ ಒಳಬಾಯಿಗೆ, ಧನ ಒಳಬಾಯನ್ನು ಅರ್ಧ ವೋಲ್ಟೇಜಿಗೆ ಕಟ್ಟಿಹಾಕಿ. ಆ ಅರ್ಧ ವೋಲ್ಟೇಜ್, ಅಂದರೆ 4.5 ವೋಲ್ಟ್, ಎರಡು 10 ಕಿಲೊಓಮ್ ರೆಸಿಸ್ಟರ್ ಮತ್ತು ಒಂದು 100 ಮೈಕ್ರೊಫ್ಯಾರಡ್ ಕೆಪ್ಯಾಸಿಟರಿನಿಂದ ಸಿಗುತ್ತದೆ. ಗಿಟಾರ್ ಒಳಬರುವಲ್ಲಿ 1 ಮೆಗಾಓಮ್ ಇರಲಿ, ಕಡಿಮೆಯಾದರೆ ಪಿಕಪ್ಪಿನ ಮೇಲೆ ಹೊರೆ ಬಿದ್ದು ಸ್ವರದ ಹೊಳಪು ಹೋಗುತ್ತದೆ. ಸ್ಲೈಡರ್ ಕೊಳ್ಳುವಾಗ ಬಿ ಅಕ್ಷರದ್ದನ್ನೇ ಕೇಳಿ. ಎ ಅಕ್ಷರದ್ದನ್ನು ಹಾಕಿದರೆ ನಟ್ಟನಡುವೆ ನಿಲ್ಲಿಸಿದರೂ ಸ್ವರ ನಡುವೆ ನಿಲ್ಲುವುದಿಲ್ಲ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಯಾರಿಗಾದರೂ ಚೀಟಿ ಬರೆದುಕೊಡಿ.

ಈಗ ಏಳು ತಿಂಗಳ ಕಥೆ.

ಮೊದಲ ದಿನವೇ ಒಂದು ಐಸಿ ಕೈಸುಟ್ಟಿತು. ಪೆಡಲ್‌ಗಳ ಲೋಕದಲ್ಲಿ ಅಡಾಪ್ಟರ್ ಪಿನ್ನಿನ ನಡುವೆ ಋಣ, ಹೊರಗೆ ಧನ ಇರುವುದು ವಾಡಿಕೆ. ಇಂಟರ್ನೆಟ್ ರೌಟರುಗಳ ಅಡಾಪ್ಟರ್ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ನಾನು ಚುಚ್ಚಿದ್ದು ರೌಟರಿನದು. ಅಂದಿನಿಂದ ಧನದ ದಾರಿಯಲ್ಲಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ, ಒಂದು 1ಎನ್4001 ಡಯೋಡ್ ಹಾಕುತ್ತೇನೆ. ಮುಕ್ಕಾಲು ವೋಲ್ಟಿನಷ್ಟು ತಿನ್ನುತ್ತದೆ, ತಿನ್ನಲಿ.

ಹೊಸ ಐಸಿ ಹಾಕಿದ ಮೇಲೆ ಮೀಟರ್ ಹಿಡಿದೆ. ಎಂಟನೆಯ ಪಿನ್ನಿನಲ್ಲಿ ಸುಮಾರು 9 ವೋಲ್ಟ್, ನಾಲ್ಕರಲ್ಲಿ ಸೊನ್ನೆ, ಉಳಿದವುಗಳಲ್ಲಿ 4.5ರ ಆಸುಪಾಸು ಇರಬೇಕು. ಬಫರಿನ ಮೂರನೆಯ ಪಿನ್ ಮಾತ್ರ ಮುಕ್ಕಾಲು ವೋಲ್ಟ್ ಎಂದಿತು. ಎರಡು ಐಸಿ ಬದಲಿಸಿದೆ, ಮತ್ತೆ ಮುಕ್ಕಾಲೇ. ಮೂರನೆಯದಕ್ಕೆ ಕೈಹಾಕುವಾಗ ಹೊಳೆಯಿತು: ನನ್ನ ಹಳೆಯ ಮುಳ್ಳಿನ ಮೀಟರ್ 10 ವೋಲ್ಟಿನ ಮಟ್ಟದಲ್ಲಿ ತಾನೇ 200 ಕಿಲೊಓಮ್ ಹೊರೆ. ಆ ಪಿನ್ನಿಗೆ ವೋಲ್ಟೇಜ್ ಬರುವುದು 1 ಮೆಗಾಓಮ್ ಮೂಲಕ. 4.5ರಲ್ಲಿ ಆರನೆಯ ಒಂದು ಭಾಗ ಮಾತ್ರ ಮೀಟರಿಗೆ ಸಿಗುತ್ತದೆ, ಅಂದರೆ ಸರಿಯಾಗಿ ಮುಕ್ಕಾಲು. ಪೆಡಲ್ ಆರೋಗ್ಯವಾಗಿತ್ತು, ನಾಡಿ ಹಿಡಿದ ಕೈಯೇ ರಕ್ತವನ್ನು ತಡೆದಿತ್ತು.

ಅಲ್ಲಿಂದ ಮುಂದೆ ನಾನು ಮೀಟರಿಗಿಂತ ಕಿವಿಯನ್ನು ನೆಚ್ಚಿಕೊಂಡೆ. ಇದೋ, ಈ ತಂತಿ ನೋಡಿ. ಒಂದು ತುದಿ ಆಂಪ್‌ಗೆ ಹೋಗುತ್ತದೆ. ಇನ್ನೊಂದು ತುದಿಯಲ್ಲಿ 0.1 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್, ಅದರ ಕಾಲೇ ಮೊನೆ. ಪಕ್ಕದ ಕ್ಲಿಪ್ ಪೆಡಲಿನ ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿನ ತಂತಿಗೆ. ಗೆಳೆಯನೊಬ್ಬ ಗಿಟಾರ್ ಮೀಟುತ್ತಿರಲಿ, ನೀವು ಮೊನೆಯನ್ನು ಸ್ವರದ ದಾರಿಯ ನಟ್ಟನಡುವೆ ಇಡಿ. ಕೇಳಿಸಿತೋ, ದೋಷ ಮುಂದಿನ ಅರ್ಧದಲ್ಲಿದೆ. ಕೇಳಿಸಲಿಲ್ಲವೋ, ಹಿಂದಿನ ಅರ್ಧದಲ್ಲಿದೆ. ಮತ್ತೆ ಆ ಅರ್ಧದ ನಡುವೆ. ನಾಲ್ಕೈದು ಸಲ ಇಟ್ಟರೆ ಸ್ವರ ಎಲ್ಲಿ ಉಸಿರು ಬಿಟ್ಟಿತೆಂದು ಗೊತ್ತಾಗುತ್ತದೆ. ನನಗೆ ಸಿಕ್ಕಿದ್ದು ಮಂಕಾಗಿ ಉಂಡೆ ಕಟ್ಟಿದ್ದ ಒಂದು ಬೆಸುಗೆ. ದೋಷ ಒಮ್ಮೆ ಬಂದು ಒಮ್ಮೆ ಹೋಗುವ ಜಾತಿಯದಾದರೆ ಸುಟ್ಟ ಊದುಬತ್ತಿಯ ಕಡ್ಡಿಯಿಂದ ಒಂದೊಂದೇ ಬೆಸುಗೆಯನ್ನು ತಟ್ಟಿ, ಕರಕರ ಎಂದದ್ದೇ ಕಳ್ಳ. ಇದೆಲ್ಲಕ್ಕೂ ಮೊದಲು ಬ್ಯಾಟರಿ ನೋಡಿ. ಈ ಪೆಡಲ್‌ಗಳಲ್ಲಿ ಒಳಜ್ಯಾಕಿಗೆ ಕೇಬಲ್ ಚುಚ್ಚಿದರೆ ಬ್ಯಾಟರಿ ಜೋಡಣೆಯಾಗುತ್ತದೆ. ಕೇಬಲ್ ಕೀಳದೆ ಮಲಗಿದವರ ಪೆಡಲ್ ಬೆಳಿಗ್ಗೆ ಎದ್ದಿರುವುದಿಲ್ಲ.

ಸ್ವರ ಬಂತು, ಅದರ ಬೆನ್ನಿಗೇ ಗುಂಯ್‌ಗುಡುವಿಕೆಯೂ ಬಂತು. ಇದಕ್ಕೂ ಗಿಟಾರನ್ನೇ ಕೇಳಿ. ಆರನೆಯ ತಂತಿಯ ಮೂರನೆಯ ಮನೆಯ, ಅಂದರೆ ಫ್ರೆಟ್ಟಿನ, ಸ್ವರ 98 ಹರ್ಟ್ಸ್. ಗುಂಯ್ ಅದಕ್ಕೆ ಹೆಚ್ಚುಕಡಿಮೆ ಶ್ರುತಿಗೂಡಿದರೆ ಅದು 100 ಹರ್ಟ್ಸ್: ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಸರಿಯಾಗಿ ಸೋಸಿಲ್ಲ ಎಂದರ್ಥ, ದೊಡ್ಡ ಕೆಪ್ಯಾಸಿಟರ್ ಹಾಕಿ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿದ್ದರೆ 50 ಹರ್ಟ್ಸ್: ಗೋಡೆಯ ವಯರಿಂಗಿನಿಂದ ಗಾಳಿಯಲ್ಲೇ ಬರುತ್ತಿದೆ. ಎರಡೂ ಬೆರೆತಿರುವುದೂ ಉಂಟು. ನನ್ನದು ಕೆಳಗಿನದು, ತಪ್ಪು ಪೆಡಲನ್ನು ಮೊದಲು ಕೂರಿಸಿದ್ದ ಈ ಪ್ಲಾಸ್ಟಿಕ್ ಡಬ್ಬಿಯದು. ಹೀಗಾಗಿ ಕಡಲೆಹಿಟ್ಟು ಬೇರೆ ಡಬ್ಬಿಗೆ ಹೋಯಿತು. ಆದರೆ ಲೋಹದ ಡಬ್ಬಿಯಾದ ಮಾತ್ರಕ್ಕೆ ಆಗಲಿಲ್ಲ, ಅದು ಗ್ರೌಂಡಿಗೆ ತಗಲಿರಬೇಕು. ಸ್ಟೀಲಿಗೆ ನಮ್ಮ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ. ಜ್ಯಾಕಿನ ನಟ್ಟಿನ ಕೆಳಗೆ ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಗುಂಯ್ ನಿಲ್ಲಲೆಂದು ಆಂಪ್‌ನ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ಪಿನ್ನನ್ನೇ ಮುರಿಯುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಿಟಾರಿನ ತಂತಿಗಳು ಆಂಪ್‌ನ ಮೈಗೆ ಜೋಡಿಸಿಕೊಂಡಿರುತ್ತವೆ, ಎದುರಿಗಿನ ಮೈಕ್ ಇನ್ನೊಂದು ಯಂತ್ರಕ್ಕೆ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ, ನಡುವೆ 230 ವೋಲ್ಟ್. ಜಾತ್ರೆಯ ತಾತ್ಕಾಲಿಕ ವಯರಿಂಗಿನಲ್ಲಿ ಆ ಪಿನ್ ಒಂದೇ ನಿಮ್ಮ ಕಾವಲು. ಗುಂಯ್‌ಗುಟ್ಟಿದರೆ ಗುಂಯ್‌ಗುಟ್ಟಲಿ.

ಇನ್ನು 3.9. ಎಲ್ಲ ಸರಿಹೋದ ಮೇಲೂ 800ರ ಸ್ಲೈಡರ್ ಏರಿಸಿದರೆ ಒಂದು ವಿಚಿತ್ರ: ಕಾರ್ಡ್ ನುಡಿಸಿದಾಗ ಎರಡನೆಯ ತಂತಿ ಮಾತ್ರ ಮದುವೆ ಮನೆಯಲ್ಲಿ ಮುನಿಸಿಕೊಂಡ ಮಾವನಂತೆ ಎಲ್ಲರಿಗಿಂತ ಮೇಲೆ ಕೂಗುತ್ತಿತ್ತು. ತಂತಿ ಬದಲಿಸಿದೆ. ಪಿಕಪ್ಪಿನ ಎತ್ತರ ತಿರುಗಿಸಿದೆ. ಬೇರೆ ಗಿಟಾರ್ ಬೇಡಿ ತಂದೆ. ತಿಂಗಳುಗಳು ಹೋದವು. ಒಂದು ರಾತ್ರಿ ಸುಮ್ಮನೆ ಮೂರನೆಯ ತಂತಿಯನ್ನು ನಾಲ್ಕನೆಯ ಮನೆಯಲ್ಲಿ ಒತ್ತಿ ಮೀಟಿದೆ, ಅದೂ ಕೂಗಿತು. ನಾಲ್ಕನೆಯ ತಂತಿಯ ಒಂಬತ್ತನೆಯ ಮನೆ, ಅದೂ ಕೂಗಿತು. ಗಿಟಾರ್ ಬಲ್ಲವರಿಗೆ ಗೊತ್ತಾಗಿರಬೇಕು, ಮೂರೂ ಒಂದೇ ಸ್ವರ, 247 ಹರ್ಟ್ಸ್. ತಂತಿ ನಿರಪರಾಧಿ, ಸ್ವರ ಅಪರಾಧಿ. ಮೊಬೈಲಿನಲ್ಲಿ ಶುದ್ಧ ನಾದ ಹೊರಡಿಸುವ ಆ್ಯಪ್ ಹಾಕಿಕೊಂಡು ನಿಧಾನ ಏರಿಸುತ್ತ ಹೋದೆ. ಸರಿಸುಮಾರು 250ಕ್ಕೆ ಬಂದಾಗ ಸ್ಪೀಕರ್ ನಡುಗಿತು, 800ರ ಹತ್ತಿರ ಏನೂ ಆಗಲಿಲ್ಲ.

792ನ್ನು 250ರಿಂದ ಭಾಗಿಸಿ. ಮೂರು ಚಿಲ್ಲರೆ, 3.16ರ ಸುತ್ತ. ಹತ್ತರ ವರ್ಗಮೂಲ! ಕಂಪನಾಂಕ ವರ್ಗಮೂಲದಲ್ಲಿ ಇಳಿಯುವುದರಿಂದ, ಎಲ್ಲೋ ಒಂದು ಬೆಲೆ ಹತ್ತು ಪಟ್ಟು ಹೆಚ್ಚಾಗಿದೆ. ಭೂತಗನ್ನಡಿ ತಂದು ಆ ಪುಟ್ಟ ಕೆಪ್ಯಾಸಿಟರನ್ನು ನೋಡಿದೆ. 392 ಇರಬೇಕಾದಲ್ಲಿ 393 ಇತ್ತು. ಕೊನೆಯ ಅಂಕಿ ಎಷ್ಟು ಸೊನ್ನೆ ಎಂಬುದರ ಗುರುತು: 392 ಎಂದರೆ 3,900 ಪಿಕೊಫ್ಯಾರಡ್, ಅಂದರೆ 3.9 ನ್ಯಾನೊ, 393 ಎಂದರೆ 39 ನ್ಯಾನೊ. ಅಂಗಡಿಯವರ ತಪ್ಪಲ್ಲ, ಎರಡೂ ಪೊಟ್ಟಣ ನನ್ನಲ್ಲೇ ಇದ್ದವು. ಕನ್ನಡಕ ಹಾಕಿಕೊಳ್ಳಲು ನಾಚಿಕೊಂಡದ್ದಕ್ಕೆ ಬಿದ್ದ ದಂಡ ಅದು. ಈಗ ಪ್ರತಿ ಕೆಪ್ಯಾಸಿಟರನ್ನೂ ಬೆಸೆಯುವ ಮೊದಲು ಡಿಜಿಟಲ್ ಮೀಟರಿನಲ್ಲಿ ಅಳೆಯುತ್ತೇನೆ, ಕನ್ನಡಕವನ್ನೂ ಹಾಕಿಕೊಳ್ಳುತ್ತೇನೆ.

ಇನ್ನು ಉಳಿದದ್ದು ಧೂಳು. ನಮ್ಮ ಬೇಸಿಗೆಯಲ್ಲಿ ಸ್ಲೈಡರಿನ ಸೀಳುಗಳಿಗೆ ಧೂಳು ಇಳಿದು ಸರಿಸಿದಾಗೆಲ್ಲ ಕರಕರ ಎನ್ನುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಹತ್ತು ಸಲ ಮೇಲೆ ಕೆಳಗೆ ಆಡಿಸಿ. ಕೊಬ್ಬರಿ ಎಣ್ಣೆ ಬೇಡ; ಅದನ್ನು ಹಾಕಿದವರೊಬ್ಬರು ಈ ಸಭೆಯಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ.

ಚಹಾ ಬಂದಿದೆಯಂತೆ. ಅದಕ್ಕೂ ಮೊದಲು ಒಂದು ಕೆಲಸವಿದೆ. ಇಲ್ಲಿಗೆ ಬರುವ ಮುನ್ನ ಈ ಸ್ಟೀಲ್ ಡಬ್ಬಿಯೊಳಗಿನ ಒಂದು ಬೆಸುಗೆಯನ್ನು ಬೇಕೆಂದೇ ಬಿಡಿಸಿ ತಂದಿದ್ದೇನೆ. ಗಿಟಾರ್ ಅಲ್ಲಿದೆ, ಆಂಪ್ ಹಚ್ಚಿದೆ, ಮೊನೆಯ ತಂತಿ ಇಲ್ಲಿದೆ. ಯಾರು ಹಿಡಿಯುತ್ತೀರಿ?