ದಿನ ವಿಶೇಷವೂ ವಾರದ ಲೆಕ್ಕವೂ

ಗ್ರಂಥಾಲಯ ಸಪ್ತಾಹದ ಈ ಸಭೆಯಲ್ಲಿ ಸೇರಿರುವ ಶಿವಮೊಗ್ಗದ ಓದುಗರಿಗೂ ಶಿಕ್ಷಕ ಮಿತ್ರರಿಗೂ ನಮಸ್ಕಾರಗಳು.

ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಶಾಲೆಯ ಮಕ್ಕಳು ಓದುವ ‘ದಿನ ವಿಶೇಷ’ವೇ ನನ್ನ ಇಂದಿನ ವಿಷಯ. ಈ ದಿನ ಇಂಥವರು ಹುಟ್ಟಿದರು, ಇಂಥ ಘಟನೆ ನಡೆಯಿತು ಎಂದು ಓದಿ ಮುಗಿಸಿದ ಸಂಗತಿ ಮಧ್ಯಾಹ್ನದ ಊಟದ ವೇಳೆಗೆ ಮರೆತುಹೋಗಿರುತ್ತದೆ. ಅದನ್ನೇ ಮಕ್ಕಳು ತಾವಾಗಿ ಬಿಡಿಸಿ ತಾಳೆ ನೋಡಬಹುದಾದ ಲೆಕ್ಕವಾಗಿ ಕೊಟ್ಟರೆ ಉಳಿಯುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂದು ಒಗಟು ಹಾಕಿದ ಅಜ್ಜಿ, ಮಲ್ಲಿಗೆಯೆಂಬ ಉತ್ತರವನ್ನು ಮೊದಲೇ ಹೇಳುತ್ತಿರಲಿಲ್ಲ.

ಒಂದು ಸುಲಭವಾದ ಪ್ರಶ್ನೆಯನ್ನು ನೋಡೋಣ. ಈ ವರ್ಷದ ಸ್ವಾತಂತ್ರ್ಯ ದಿನ ಯಾವ ವಾರ ಬಂದಿತ್ತೆಂದು ಗೊತ್ತಿದ್ದರೆ, ಕ್ಯಾಲೆಂಡರ್ ನೋಡದೆ ರಾಜ್ಯೋತ್ಸವದ ವಾರವನ್ನು ಹೇಳಬಹುದೇ? ಹೇಳಬಹುದು. ಆಗಸ್ಟ್ 15ರಿಂದ ನವೆಂಬರ್ 1ಕ್ಕೆ 78 ದಿನ, ಅಂದರೆ 11 ವಾರಗಳು ಮತ್ತು ಒಂದು ದಿನ. ಆದ್ದರಿಂದ ಯಾವ ವರ್ಷವಾದರೂ ಸ್ವಾತಂತ್ರ್ಯ ದಿನ ಮಂಗಳವಾರವಾದರೆ ರಾಜ್ಯೋತ್ಸವ ಬುಧವಾರವೇ. ರಾಜ್ಯಗಳ ಪುನರ್ವಿಂಗಡಣೆಯಾದ 1956ರ ನವೆಂಬರ್ 1 ಗುರುವಾರವಾಗಿತ್ತು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973ರ ನವೆಂಬರ್ 1 ಕೂಡ ಗುರುವಾರವೇ. ಇದು ಹೇಗೆಂದು ಕೇಳಿದರೆ ಮಕ್ಕಳು ಬೆರಳು ಮಡಿಸಿ ಎಣಿಸತೊಡಗುತ್ತಾರೆ: ನಡುವೆ 17 ವರ್ಷಗಳು, ವಾರ ವರ್ಷಕ್ಕೊಂದು ದಿನದಂತೆ ಮುಂದೆ ಸರಿದು 17, ಅಧಿಕ ವರ್ಷಗಳಿಂದ ಇನ್ನು 4, ಒಟ್ಟು 21, ಅದು ಏಳರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಎಣಿಸುವ ಆ ಹೊತ್ತಿನಲ್ಲಿ ಎರಡು ತಾರೀಖುಗಳೂ, ಅವುಗಳ ನಡುವಿನ ವ್ಯತ್ಯಾಸವೂ ಮನಸ್ಸಿನಲ್ಲಿ ನಿಂತುಬಿಡುತ್ತವೆ. ಕುವೆಂಪು ಅವರು ಹುಟ್ಟಿದ 1904ರ ಡಿಸೆಂಬರ್ 29 ಯಾವ ವಾರವೆಂಬುದನ್ನೂ, 1947ರ ಆಗಸ್ಟ್ 15 ಶುಕ್ರವಾರವೆಂಬ ಒಂದೇ ಆಧಾರದಿಂದ, ಹೀಗೆಯೇ ಹಿಂದಕ್ಕೆ ಎಣಿಸಿ ಕಂಡುಕೊಳ್ಳಬಹುದು. ಉತ್ತರವನ್ನು ನಾನು ಹೇಳುವುದಿಲ್ಲ.

ಇದು ಬರಿಯ ಮಕ್ಕಳಾಟವೆಂದು ಯಾರಾದರೂ ಭಾವಿಸಿದರೆ ಬಳ್ಳಿಗಾವಿಯ ಶಾಸನಗಳತ್ತ ಅವರ ಗಮನ ಸೆಳೆಯುತ್ತೇನೆ. ನಮ್ಮ ಸೀಮೆಯ ಶಾಸನಗಳಲ್ಲಿ ಅನೇಕವು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿಗಳ ಜೊತೆಗೆ ವಾರವನ್ನೂ ಹೇಳುತ್ತವೆ, ಮತ್ತು ಆ ತಿಥಿಗೆ ಆ ವಾರ ಕೂಡಿಬರುತ್ತದೆಯೇ ಎಂದು ಗಣಿಸಿ ನೋಡುವುದು ಶಾಸನತಜ್ಞರ ಮುಖ್ಯ ಕೆಲಸಗಳಲ್ಲಿ ಒಂದು. ಕೂಡಿಬರದಿದ್ದರೆ ಕೆತ್ತಿದವನು ತಪ್ಪಿರಬಹುದು, ಓದಿದವರು ತಪ್ಪಿರಬಹುದು, ಇಲ್ಲವೇ ಶಾಸನವೇ ನಂತರದ ಕಾಲದ ಸೃಷ್ಟಿಯಾಗಿರಬಹುದು. ಸಂವತ್ಸರದ ಹೆಸರು ಮಾತ್ರ ಉಳಿದಿದ್ದರೆ ತೊಡಕು ಇನ್ನೂ ಹೆಚ್ಚು, ಏಕೆಂದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ: ಕುವೆಂಪು ಹುಟ್ಟಿದ ಕ್ರೋಧಿ ಸಂವತ್ಸರ 1964ರಲ್ಲಿ ಬಂತು, 2024ರ ಯುಗಾದಿಗೆ ಮತ್ತೆ ಬಂತು. ಬಿ. ಎಲ್. ರೈಸ್ ಅವರು ತೀರ್ಥಹಳ್ಳಿ, ಸಾಗರ, ಸೊರಬ, ನಗರ ಸೀಮೆಗಳ ಶಾಸನಗಳನ್ನು ಕೂಡಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟ ಹೊರಬಂದದ್ದೂ 1904ರಲ್ಲಿಯೇ. ಈ ಸಂಪುಟವನ್ನು ಪ್ರೌಢಶಾಲೆಯ ಮಕ್ಕಳು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಬೇಕೆಂಬುದು ನನ್ನ ಬಹುಕಾಲದ ಆಸೆ.

ತಾರೀಖಿಗಿಂತ ವಾರವನ್ನು ಹೆಚ್ಚು ನಂಬಬಹುದು. 1752ರಲ್ಲಿ ಬ್ರಿಟನ್ ಹಳೆಯ ಜೂಲಿಯನ್ ಪಂಚಾಂಗವನ್ನು ಬಿಟ್ಟು ಗ್ರೆಗೋರಿಯನ್ ಪದ್ಧತಿಗೆ ಬಂದಾಗ, ಸೆಪ್ಟೆಂಬರ್ 2ರ ಬುಧವಾರದ ಮರುದಿನ ಸೆಪ್ಟೆಂಬರ್ 14ರ ಗುರುವಾರವಾಯಿತು. ತಾರೀಖು ಜಿಗಿಯಿತು, ವಾರ ಜಿಗಿಯಲಿಲ್ಲ. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25ರಂದು ಎಂದು ಒಂದು ಪುಸ್ತಕ, 1643ರ ಜನವರಿ 4ರಂದು ಎಂದು ಇನ್ನೊಂದು ಪುಸ್ತಕ ಹೇಳಿದರೆ ಎರಡೂ ಸರಿಯೇ, ಮತ್ತು ಎರಡು ಲೆಕ್ಕದಲ್ಲಿಯೂ ಅದು ಭಾನುವಾರ.

ನಮ್ಮ ಜಿಲ್ಲೆಯದೇ ಒಂದು ತಾರೀಖಿನಿಂದ ಶಿಕ್ಷಕರು ಈ ಕೆಲಸವನ್ನು ಆರಂಭಿಸಬಹುದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಮೊದಲಾದದ್ದು 1951ರ ಏಪ್ರಿಲ್ 18ರಂದು. ಏಪ್ರಿಲ್ 18 ಮತ್ತು ಆಗಸ್ಟ್ 15 ಪ್ರತಿ ವರ್ಷವೂ ಒಂದೇ ವಾರ ಬರುತ್ತವೆಂದು ತಿಳಿದರೆ ಅಂದು ಬುಧವಾರವೆಂದು ಕಂಡುಕೊಳ್ಳುವುದು ಕಷ್ಟವಲ್ಲ. ವಾರ ಸಿಕ್ಕಿದ ಮೇಲೆ ಅಲ್ಲಿಗೇ ನಿಲ್ಲದೆ, ಆ ಹೋರಾಟದ ಮೂಲದಲ್ಲಿದ್ದ ಕೊಳಗದ ಜಗಳವನ್ನೂ ಲೆಕ್ಕವಾಗಿಯೇ ಕೊಡಬೇಕು. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಇರಬೇಕಾದುದಕ್ಕಿಂತ ದೊಡ್ಡದೆಂಬುದು ಗೇಣಿದಾರರ ದೂರಾಗಿತ್ತು. ಒಬ್ಬ ರೈತ 100 ಕೊಳಗ ಗೇಣಿ ಅಳೆಯಬೇಕು, ಅಳೆಯುವ ಕೊಳಗ ಹತ್ತರಲ್ಲಿ ಒಂದು ಪಾಲು ದೊಡ್ಡದು ಎಂದಿಟ್ಟುಕೊಂಡರೆ, ಅವನ ಕಣದಿಂದ ಪ್ರತಿ ವರ್ಷ ಹೆಚ್ಚಾಗಿ ಹೋಗುವ ಭತ್ತ ಎಷ್ಟು, ಹತ್ತು ವರ್ಷದಲ್ಲಿ ಎಷ್ಟು ಎಂದು ಮಕ್ಕಳು ಹಲಗೆಯ ಮೇಲೆ ಬರೆದು ತೋರಿಸಲಿ.